ಕಳಕವ್ವಾಯಿಯ ನೀಲಿ ಗೋಡೆ

ಗಜೇಂದ್ರಗಡದಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟುಕೊಂಡಿರುವ ಗುರುಸಂಗಪ್ಪನ ಆ ದಿನದ ಫಜೀತಿಗೆಲ್ಲ ಮೂಲ, ಅವನ ಹೆಂಡತಿ ನಿರ್ಮಲಾ ಚಹಾ ಕುಡಿಯುತ್ತ ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋ. ಮನೆಯ ಪಡಸಾಲೆಗೆ ಹೊಸ ಬಣ್ಣ ಹೊಡೆಸುವುದೆಂದು ನಿಶ್ಚಯವಾಗಿತ್ತು. ಬಣ್ಣ ಹೊಡೆಯುವ ಶಾಹೀದ ಏಣಿ, ಬ್ರಷ್ಷು ತಂದಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಯಾವ ಬಣ್ಣ ಎನ್ನುವುದೊಂದೇ ಬಾಕಿ.

"ಅಂಗಡಿ ಕಾರ್ಡ್ ನೋಡಿ ಬಣ್ಣ ಆರಿಸಬಾರದಂತ್ರಿ," ಎಂದಳು ನಿರ್ಮಲಾ. "ದಿನಾ ಕಣ್ಣಿಗೆ ಬೀಳೋ ಸಾಮಾನದಾಗ ಹುಡುಕಬೇಕಂತ. ಸಂತಿ, ಅಡಗಿಮನಿ, ಹಳೇ ಸೀರಿ, ಎಲ್ಲಾ ಕಡೆ ಬಣ್ಣ ಇರತಾವಂತ."

ಹೇಳಿದ್ದಷ್ಟೇ ಅಲ್ಲ, ಒಂದು ಬದನೆಕಾಯಿ ತಂದು ಗೋಡೆಗೆ ಹಿಡಿದು ಹಿಂದೆ ಸರಿದು ನೋಡಿದಳು. ಆಮೇಲೆ ಒಣಮೆಣಸಿನಕಾಯಿ. ಆಮೇಲೆ ಗಂಡನ ತಲೆಗೆ ಸುತ್ತುವ ಟವೆಲ್ಲು. ಯಾವುದೂ ಒಪ್ಪಲಿಲ್ಲ.

ಆಗ ಗುರುಸಂಗಪ್ಪನ ಬಾಯಿಂದ ಆಡಬಾರದ ಮಾತು ಹೊರಬಿತ್ತು. "ನರೇಗಲ್ಲದಾಗ ನಮ್ಮ ಆಯಿ ಅಡಗಿಮನಿ ಗ್ವಾಡಿ ನೀಲಿ ಇತ್ತು ನೋಡ. ಸುಣ್ಣದಾಗ ನೀಲಿಪುಡಿ ಕಲಸಿ ಹಚ್ಚಿದ್ದು. ಅಂಥಾ ಬಣ್ಣ ನಾ ಮತ್ತೆಲ್ಲೂ ಕಂಡಿಲ್ಲ."

ಹೇಳುತ್ತಿದ್ದಂತೆ ಅವನ ಕಣ್ಣ ಮುಂದೆ ಆ ಗೋಡೆ ಬಂದು ನಿಂತಿತು. ಶಾಲೆಯ ಸೂಟಿಯಲ್ಲಿ ತಾಯಿಯ ತವರಿಗೆ ಹೋದಾಗ ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ತಟ್ಟೆಯಲ್ಲಿ ಬಿಸಿರೊಟ್ಟಿ, ಶೇಂಗಾಚಟ್ನಿ. ಬೆನ್ನು ಆ ನೀಲಿಗೆ ತಾಗಿದರೆ ಬೇಸಿಗೆಯಲ್ಲೂ ತಂಪು. ಅಂಗಿಗೆ ಮೆತ್ತಿದ ನೀಲಿ ತಿಂಗಳಾದರೂ ಹೋಗುತ್ತಿರಲಿಲ್ಲ.

"ಮತ್ತ ಆ ಬಣ್ಣಾನ ಬೇಕು!" ಎಂದಳು ನಿರ್ಮಲಾ.

ಶಾಹೀದ ಕಾರ್ಡಿನಲ್ಲಿದ್ದ ನೀಲಿಗಳನ್ನೆಲ್ಲ ತೋರಿಸಿದ. ಒಂದು ಪೊಲೀಸ್ ವ್ಯಾನಿನ ಹಾಗಿತ್ತು, ಇನ್ನೊಂದು ದವಾಖಾನೆಯ ಪರದೆಯ ಹಾಗಿತ್ತು. ಗುರುಸಂಗಪ್ಪ ಎಲ್ಲಕ್ಕೂ ಬೇಡವೆಂದು ತಲೆಯಾಡಿಸಿದ. ಕೊನೆಗೆ ಶಾಹೀದ, "ಆ ಗ್ವಾಡಿದೊಂದು ಚಕ್ಕಿ ತಂದುಕೊಡ್ರಿ ಕಾಕಾ, ಅದರಂಗನ ಕಲಸತೀನಿ," ಎಂದ. ಗುರುಸಂಗಪ್ಪ ಅಂಗಡಿಗೆ ಬೀಗ ಹಾಕಿ ಬೈಕು ಹತ್ತಿ ನರೇಗಲ್ಲಿಗೆ ಹೊರಟ.

ಅವನ ತಾಯಿಯ ತಾಯಿ ಕಳಕವ್ವಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯನ್ನು ಕೊಂಡವನು ಶೇಂಗಾ ವ್ಯಾಪಾರಿ ಅಜ್ಜಪ್ಪ. ಹಳೆಯ ಅಡುಗೆಮನೆ ಈಗ ಚೀಲ ಒಟ್ಟುವ ಕೋಣೆಯಾಗಿತ್ತು. ಗೋಡೆಗೆ ಬಿಳಿ ಸುಣ್ಣ. ಬಣ್ಣಕ್ಕಾಗಿ ಇಷ್ಟು ದೂರ ಬಂದೆನೆಂದು ಹೇಳಲು ನಾಚಿಕೆಯಾಗಿ ಗುರುಸಂಗಪ್ಪ, "ಒಮ್ಮೆ ನೋಡಿ ಹೋಗೂಣಂತ ಬಂದೆರಿ," ಎಂದ. ಅಜ್ಜಪ್ಪ ಚಹಾಕ್ಕೆ ಹೇಳಿ ಬರಲು ಒಳಗೆ ಹೋದದ್ದೇ ತಡ, ಚೀಲಗಳ ಸಂದಿಯಲ್ಲಿ ತೂರಿ ಬೈಕಿನ ಕೀಲಿಯಿಂದ ಗೋಡೆ ಕೆರೆಯತೊಡಗಿದ. ಮೇಲಿನ ಸುಣ್ಣದ ಕೆಳಗೆ ನೀಲಿ ಇದ್ದೇ ಇರಬೇಕು!

"ಏನ್ ಹುಡುಕಾಕತ್ತೀರಿ?" ಅಜ್ಜಪ್ಪ ಹಿಂದೆಯೇ ನಿಂತಿದ್ದ.

ಗುರುಸಂಗಪ್ಪ ಬೆವರಿದ. "ನೀಲಿರಿ... ನಮ್ಮ ಆಯಿ ಕಾಲದ್ದು. ಈ ಗ್ವಾಡ್ಯಾಗ ಐತಿ. ಒಂದು ಚೂರು ಸಿಕ್ಕರ ಸಾಕು, ನಮ್ಮ ಮನಿ ಬಣ್ಣಾನ ಬದಲಾಕೈತಿ."

ಅಜ್ಜಪ್ಪನ ಕಿವಿಗೆ ಬಿದ್ದದ್ದು ನೀಲಿಯಲ್ಲ, ನೀಲ. ಉಂಗುರದಲ್ಲಿ ಕೂರಿಸುವ ನೀಲದ ಹರಳು! ಒಂದು ಚೂರಿಗೇ ಮನೆಯ ಬಣ್ಣ ಬದಲಾಗುವಂಥದ್ದು! ಅವನ ಮುಖ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತು.

"ಮನಿ ಖರೀದಿ ಮಾಡಿದ ಮ್ಯಾಲೆ ಗ್ವಾಡ್ಯಾಗಿಂದೂ ನಂದ ಅಲ್ರಿ?" ಎಂದ.

"ನನಗ ಒಂದು ಚಕ್ಕಿ ಕೊಟ್ಟರ ಸಾಕ್ರಿ, ಉಳಿದದ್ದು ನೀವ ಇಟ್ಟುಕೊಳ್ರಿ," ಎಂದ ಗುರುಸಂಗಪ್ಪ, ಇವನಿಗೂ ಆ ಬಣ್ಣ ಹಿಡಿಸಿತೆಂದು ಸಂತೋಷಪಟ್ಟು.

ಎದುರಿನ ಪಾನ್ ಅಂಗಡಿಯ ಬಸ್ಯಾ ಬಾಗಿಲಲ್ಲಿ ಇಣುಕಿದವನು ಇದಿಷ್ಟನ್ನೂ ಕೇಳಿಸಿಕೊಂಡ. ಚಹಾ ಬರುವಷ್ಟರಲ್ಲಿ ಓಣಿಯೇ ಬಂದಿತ್ತು. ಒಬ್ಬ ಹಾರೆ ತಂದ, ಒಬ್ಬ ತೆಂಗಿನಕಾಯಿ ತಂದ. ಬಸ್ಯಾ, "ಹಳೇ ಮಂದಿ ಒಲಿ ಹಿಂದ ಇಡತಿದ್ರು," ಎಂದು ತಾನೇ ಇಟ್ಟವನ ಹಾಗೆ ಜಾಗ ತೋರಿಸಿದ.

"ಹಾರಿ ಯಾಕ್ರಪಾ? ಕೀಲಿಲೇ ಬರತೈತಿ," ಎಂದು ಗುರುಸಂಗಪ್ಪ ಬಡಬಡಿಸುತ್ತಿದ್ದಂತೆಯೇ ಹಾರೆ ಬಿತ್ತು. ಇನ್ನೊಮ್ಮೆ ಬಿತ್ತು. ಮೂರನೆಯ ಏಟಿಗೆ ಮಣ್ಣಿನ ಗೋಡೆ ಉಸ್ಸೆಂದು ನಿಟ್ಟುಸಿರುಬಿಟ್ಟು ಅರ್ಧಕ್ಕರ್ಧ ಕುಸಿದು ಕೂತಿತು. ಧೂಳು ಇಳಿದಾಗ ಗುರುಸಂಗಪ್ಪ ಮೀಸೆಯ ತನಕ ಸುಣ್ಣವಾಗಿದ್ದ. ಗೋಡೆಯಲ್ಲಿ ಹರಳೂ ಇರಲಿಲ್ಲ, ನೀಲಿಯೂ ಇರಲಿಲ್ಲ. ಸುಣ್ಣದ ಹಿಂದೆ ಇದ್ದದ್ದು ಬರೀ ಮಸಿ, ಕಪ್ಪು ಕಪ್ಪು ಮಸಿ.

"ಎಲ್ಲೈತ್ರಿ ನೀಲ?" ಎಂದು ಅಜ್ಜಪ್ಪ ಗುಡುಗಿದ.

"ನೀಲ ಅಲ್ರಿ, ನೀಲಿ! ಬಣ್ಣ! ನಮ್ಮ ಪಡಸಾಲಿಗೆ ಹಚ್ಚಾಕ!"

ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ಅಜ್ಜಪ್ಪ ಮಾತ್ರ ನಗಲಿಲ್ಲ. "ಗ್ವಾಡಿ ಕಟ್ಟಿಸಿಕೊಟ್ಟ ಮ್ಯಾಲೆನ ಊರು ಬಿಡ್ರಿ," ಎಂದು ಬೈಕಿನ ಕೀಲಿ ಕಸಿದುಕೊಂಡ.

ಗದ್ದಲ ಕೇಳಿ ಪಕ್ಕದ ಮನೆಯ ಮಕ್ತುಮಬಿ ಕೋಲೂರುತ್ತ ಬಂದಳು. ಕಳಕವ್ವಾಯಿಯ ಗೆಳತಿ, ತೊಂಬತ್ತರ ಹತ್ತಿರದ ಮುದುಕಿ.

"ಯಾರು, ಗುರೂನ? ಏನಪಾ ಇದು ಅವತಾರ? ಕಳಕವ್ವನ ಅಡಗಿಮನ್ಯಾಗ ಎಲ್ಲೀದೋ ನೀಲಿ! ಹಸಿ ಕಟಗಿ ಹೊಗಿಗೆ ಕರ್ರಗ ಬಾಣಲಿ ಹಂಗ ಇತ್ತು. ನೀಲಿ ಇದ್ದದ್ದು ನಮ್ಮ ಮನ್ಯಾಗ. ಆಕಿ ಹೊಲಕ್ಕ ಹೋದಳಂದ್ರ ನೀ ನಮ್ಮ ಒಲಿ ಮುಂದ ಬಂದು ಕುಂದರತಿದ್ದಿ. ನಿನಗ ರೊಟ್ಟಿ ಬಡದು ಬಡದು ನನ್ನ ಕೈ ಸೋತಾವು."

"ನಾ ಆಯಿ ಕೈರೊಟ್ಟಿ ಅಂತ..." ಎಂದು ಗುರುಸಂಗಪ್ಪ ತೊದಲಿದ.

"ರೊಟ್ಟಿ ನಂದು, ಚಟ್ನಿ ಆಕೀದು. ಹೊಲಕ್ಕ ಹೋಗೂ ಮುಂದ ನಡುವಿನ ಗ್ವಾಡಿ ಮ್ಯಾಲಿಂದ ಕೊಡತಿದ್ದಳು. 'ಹುಡುಗ ನಿನ್ನ ಮನೀನ ಬಿಡೂದಿಲ್ಲಲ್ಲ' ಅಂತ ನನ್ನ ಮ್ಯಾಲೆ ಸಿಟ್ಟಾಗತಿದ್ದಳು, ಮತ್ತ ನಗತಿದ್ದಳು."

ಇಷ್ಟು ವರ್ಷ ಅವನ ಮನಸ್ಸಿನೊಳಗೆ ಇಬ್ಬರು ಹೆಂಗಸರು ಒಬ್ಬಳೇ ಆಯಿಯಾಗಿ, ಎರಡು ಮನೆ ಒಂದೇ ಅಡುಗೆಮನೆಯಾಗಿ ಬೆರೆತುಹೋಗಿದ್ದವು. ಸುಣ್ಣ ಮೆತ್ತಿದ ಕೈಯಿಂದಲೇ ಅವಳ ಕಾಲು ಮುಟ್ಟಿದ. ಹಾಗಾದರೆ ಆ ನೀಲಿ ಈ ಪಕ್ಕದಲ್ಲೇ ಇದೆ! ಅಜ್ಜಪ್ಪ, ಗೋಡೆ, ಕೀಲಿ ಎಲ್ಲ ಮರೆತು ಅವಳ ಮನೆಗೆ ಓಡಿದ.

ಒಳಗೆ ಹೊಸ ಬಣ್ಣದ ವಾಸನೆ ಗಮ್ಮೆಂದಿತು. ಒಲೆ ಹೋಗಿ ಗ್ಯಾಸ್ ಬಂದಿತ್ತು. ನಾಲ್ಕೂ ಗೋಡೆ ಬೆಣ್ಣೆಯ ಬಣ್ಣಕ್ಕೆ ತಿರುಗಿ ಥಳಥಳಿಸುತ್ತಿದ್ದವು.

"ಹ್ಯಾಂಗೈತ್ರಿ ಅಣ್ಣಾ?" ಎಂದಳು ಸೊಸೆ ಫರ್ಜಾನಾ, ಉಬ್ಬಿಹೋಗಿ. "ನಿಮ್ಮ ಮಗಳು ಚಿನ್ನೂನ ನಿಶ್ಚಯಕ್ಕ ಗಜೇಂದ್ರಗಡಕ್ಕ ಬಂದಿದ್ವಿ ನೋಡ್ರಿ, ಆವಾಗ ನಿಮ್ಮ ಪಡಸಾಲಿ ಫೋಟೋ ತಗದಿದ್ದೆ. ಅದ ಬಣ್ಣ! ಮೊನ್ನೆ ಹಚ್ಚಿಸಿದ್ವಿ."

"ಮತ್ತ... ಆ ಹಳೇ ನೀಲಿ?"

"ಪೂರಾ ಕೆರಸಿಬಿಟ್ವಿರಿ. ಒಂದು ಚೂರೂ ಬಿಟ್ಟಿಲ್ಲ."

ಗುರುಸಂಗಪ್ಪ ಅಲ್ಲೇ ಗೋಡೆಗೊರಗಿ ಕುಸಿದ. ಮಕ್ತುಮಬಿ ಮುಂದಿಟ್ಟ ರೊಟ್ಟಿಗೆ ಕೈ ಹಾಕಬೇಕು, ಅಷ್ಟರಲ್ಲಿ ನಿರ್ಮಲಾಳ ವಿಡಿಯೋ ಕಾಲ್ ಬಂತು.

"ಎಷ್ಟೊತ್ರಿ? ಶಾಹೀದ ಕಾದು ಕಾದು... ತಡೀರಿ, ತಡೀರಿ! ನಿಮ್ಮ ಹಿಂದ ಅದ್ಯಾವ ಗ್ವಾಡಿ? ಅಯ್ಯ, ಎಷ್ಟ ಚಂದ ಬಣ್ಣರಿ! ನೀಲಿ ಗೀಲಿ ಬ್ಯಾಡ, ನಮಗ ಅದ ಬೇಕು!"

"ಲೇ, ಅದು ನಮ್ಮ ಪಡಸಾಲೀದ..."

"ಹೌದ್ರಿ, ನಮ್ಮ ಪಡಸಾಲಿಗೇ! ಶಾಹೀದ, ಬಣ್ಣ ಸಿಕ್ಕತು ನೋಡ!" ಫೋನು ಕಟ್ಟಾಯಿತು.

ಫರ್ಜಾನಾ ಖುಷಿಯಿಂದ ಅಟ್ಟದ ಮೇಲೆ ಉಳಿದಿದ್ದ ಅರ್ಧ ಡಬ್ಬಿ ಇಳಿಸಿಕೊಟ್ಟಳು. ಗುರುಸಂಗಪ್ಪ ಅದನ್ನು ಹಿಡಿದುಕೊಂಡು ಹೊರಬಂದಾಗ ಬಾಗಿಲಲ್ಲಿ ಅಜ್ಜಪ್ಪ ನಿಂತಿದ್ದ. ಮೊದಲು ಡಬ್ಬಿ ನೋಡಿದ, ಆಮೇಲೆ ಕತ್ತು ಚಾಚಿ ಒಳಗಿನ ಗೋಡೆ ನೋಡಿದ.

"ಚಲೋ ಐತಿ," ಎಂದ ತೃಪ್ತಿಯಿಂದ, ಕೀಲಿ ಮರಳಿ ಕೊಡುವ ಬದಲು ಡಬ್ಬಿಗೇ ಕೈಚಾಚುತ್ತ. "ಕೆಡವಿದ ಗ್ವಾಡಿ ಕಟ್ಟಿದ ಮ್ಯಾಲೆ ನಂಗೂ ಇದನ್ನ ಹಚ್ಚಿಸಿಕೊಡ್ರಿ."