ಬುಕ್ಕಾಂಬುಧಿಯಲ್ಲಿ ಏಳದ ನೊರೆ

ನೊರೆ ಎಬ್ಬಿಸುವ ವಿದ್ಯೆಯಲ್ಲಿ ಇಡೀ ಅಜ್ಜಂಪುರ ತಾಲ್ಲೂಕಿನಲ್ಲಿ ನನಗೆ ಸಮನಾದವರಿಲ್ಲ ಎಂದು ಈ ಜೂನ್‌ವರೆಗೂ ನಂಬಿದ್ದೆ. ನಾನು ಅಜ್ಜಂಪುರದ ಪಿಯು ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ಉದ್ದನೆಯ ಜಾಡಿಯಲ್ಲಿ ಸೋಪಿನ ನೀರು, ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್, ಮೇಲೊಂದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕಪ್ಪು ಪುಡಿ. ಪುಡಿ ಬಿದ್ದದ್ದೇ ತಡ, ಪೆರಾಕ್ಸೈಡ್ ಒಡೆದು ಆಮ್ಲಜನಕ ಹೊರಟು ನೊರೆ ಜಾಡಿ ದಾಟಿ ಮೇಜಿಗಿಳಿಯುತ್ತದೆ. ಪುಡಿ ಮಾತ್ರ ಖರ್ಚಾಗದೆ ಇದ್ದಷ್ಟೇ ಇರುತ್ತದೆ. ಅದೇ ವೇಗವರ್ಧಕ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ.

ಈ ಸಲ ಚಪ್ಪಾಳೆಯಲ್ಲ, ಮಕ್ಕಳೇ ಬೇಕಾಗಿದ್ದರು. ವಿಜ್ಞಾನಕ್ಕೆ ಸೇರಿದ್ದವರು ಆರೇ ಜನ. ಹತ್ತಾಗದಿದ್ದರೆ ವಿಭಾಗ ಮುಚ್ಚುತ್ತೇವೆ ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಮೊದಲು ಅರ್ಜಿ ಕೊಟ್ಟವಳು ಬುಕ್ಕಾಂಬುಧಿಯ ಚೈತ್ರಾ. ಮುಂದೆ ಫಾರ್ಮಸಿ ಓದಬೇಕೆಂಬ ಆಸೆ ಅವಳಿಗೆ. ಅವಳಪ್ಪ ಓಂಕಾರಪ್ಪ ನನ್ನೆದುರೇ ಖಡಾಖಂಡಿತವಾಗಿ ಹೇಳಿದ್ದರು: "ಅಜ್ಜಂಪುರದಲ್ಲಾದ್ರೆ ಸೈನ್ಸು. ಕಡೂರು, ತರೀಕೆರೆ ಅಂತ ದಿನಾ ಕಳ್ಸಕ್ಕಾಗಲ್ಲ ಮೇಷ್ಟ್ರೇ. ಇಲ್ಲಿಲ್ಲ ಅಂದ್ರೆ ಆರ್ಟ್ಸ್ ಓದ್ಲಿ."

ಅದೇ ಊರಿನ ಇನ್ನೂ ನಾಲ್ಕು ಮನೆಯವರು ಮಕ್ಕಳನ್ನು ಎಲ್ಲಿಗೆ ಸೇರಿಸುವುದೆಂದು ಯೋಚಿಸುತ್ತಿದ್ದರು. ಆರಕ್ಕೆ ನಾಲ್ಕು ಸೇರಿದರೆ ಹತ್ತು! ಊರಿಗೇ ಹೋಗಿ ನೊರೆ ತೋರಿಸಿ ನಾಲ್ವರನ್ನೂ ಕರೆತರುತ್ತೇನೆಂದು ಪ್ರಾಂಶುಪಾಲರಿಗೆ ಮಾತು ಕೊಟ್ಟು, ಪೆರಾಕ್ಸೈಡ್ ಬಾಟಲಿಯನ್ನು ಮನೆಗೆ ತಂದಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಹೆಂಡತಿ ಗಿರಿಜಾ ವಿಭೂತಿ ಗಟ್ಟಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ನಮ್ಮ ಕಡೆ ಹೊಸ ಪಂಪ್‌ಸೆಟ್ಟಿಗೂ, ಪರೀಕ್ಷೆಗೆ ಹೊರಟ ಪೆನ್ನಿಗೂ ವಿಭೂತಿ ಹಚ್ಚದೆ ಬಿಡುವುದಿಲ್ಲ.

"ಬಾಟ್ಲಿಗೆ ಹಚ್ರೀ. ಮಠದಿಂದ ತಂದಿದ್ದು."

"ಇದು ವಿಜ್ಞಾನ ಕಣೇ!"

"ಕೆಲ್ಸ ಹೋದ್ರೆ ನಿಮ್ ವಿಜ್ಞಾನ ಅನ್ನ ಹಾಕುತ್ತಾ?"

ನ್ಯಾಯವಾದ ಪ್ರಶ್ನೆ. ಆದರೆ ಬಾಟಲಿಯ ಮೇಲೆ ಮೂರು ಗೆರೆ ಎಳೆದರೆ ಪ್ರಾಂಶುಪಾಲರು ನೋಡಿ ನಗುತ್ತಾರೆ. ಆದ್ದರಿಂದ ದೀರ್ಘಾಲೋಚನೆ ಮಾಡಿ, ಯಾರಿಗೂ ಕಾಣದಂತೆ ಬಾಟಲಿಯ ಒಳಕ್ಕೇ ಒಂದು ಚಿಟಿಕೆ ಉದುರಿಸಿದೆ. ಭಕ್ತಿಯೂ ಉಳಿಯಿತು, ಮಾನವೂ ಉಳಿಯಿತು!

ಬಾಟಲಿ ಬೈಕಿನ ಪೆಟ್ಟಿಗೆಯಲ್ಲಿ ಮಧ್ಯಾಹ್ನ ಎರಡರವರೆಗೂ ಕಾಲೇಜಿನ ಅಂಗಳದ ಬಿಸಿಲಿನಲ್ಲಿತ್ತು. ಹೊರಡುವಾಗ ಪೆಟ್ಟಿಗೆಯೊಳಗೆ ಬುಸ್ ಎಂಬ ಸದ್ದು. ಹಾವಿರಬಹುದೆಂದು ಮಾರುದೂರ ಹಾರಿದೆ. ಹಾವಲ್ಲ, ಬಾಟಲಿಯ ಮುಚ್ಚಳ. ಬಿಸಿಲಿಗೆ ಹೀಗಾಗಿದೆ ಎಂದು ಸಮಾಧಾನ ಮಾಡಿಕೊಂಡು ಮುಚ್ಚಳ ಸಡಿಲಿಸಿದೆ. ಚೆಲ್ಲಿದ ಪೆರಾಕ್ಸೈಡ್ ತಾಗಿ ಬೆರಳುಗಳೆಲ್ಲ ಉರಿದು ಬೆಳ್ಳಗಾದವು. ಇಪ್ಪತ್ತು ವರ್ಷ ಪಾಠ ಮಾಡಿದ ತಲೆಗೆ ಆಗಲೂ ಹೊಳೆಯಲಿಲ್ಲ.

ಬುಕ್ಕಾಂಬುಧಿಯ ಸಮುದಾಯ ಭವನದಲ್ಲಿ ಜನ ಸೇರಿದ್ದರು. ಮುಂದೆ ಕೂತಿದ್ದ ಅಜ್ಜ ನನ್ನ ಕೈ ನೋಡಿ, "ಮೇಷ್ಟ್ರು ಹಣೆ ಬಿಟ್ಟು ಕೈಗೆ ವಿಭೂತಿ ಬಳ್ಕೊಂಡ್ ಬಂದಿದಾರಲ್ರಪ್ಪ!" ಎಂದ. ನಾನು ನಗಲಿಲ್ಲ. ವೇಗವರ್ಧಕದ ಮಹಿಮೆಯನ್ನು ಕಾಲು ಗಂಟೆ ಬಣ್ಣಿಸಿ, "ಚಿಟಿಕೆ ಸಾಕು! ಹಿಂದೆ ಸರಿಯಿರಿ, ಬಟ್ಟೆ ಜೋಪಾನ!" ಎಂದು ಕೂಗಿ, ಸೋಪಿನ ನೀರು, ಪೆರಾಕ್ಸೈಡ್ ಸುರಿದಿದ್ದ ಜಾಡಿಗೆ ಕಪ್ಪು ಪುಡಿ ಹಾಕಿದೆ.

ಎರಡು ಗುಳ್ಳೆ ಬಂತು. ಒಂದು ಒಡೆಯಿತು.

ಇನ್ನೊಂದು ಚಿಟಿಕೆ ಹಾಕಿದೆ. ಆಮೇಲೆ ಪೊಟ್ಟಣವನ್ನೇ ಸುರಿದೆ. ಕಡ್ಡಿಯಿಂದ ಕಲಕಿದೆ. ಜಾಡಿ ಪೂರ್ತಿ ಕಪ್ಪಾಯಿತು.

"ಇದೇನ್ ಮೇಷ್ಟ್ರೇ, ಬಾಣಲೆ ತೊಳ್ದ ನೀರು!" ಎಂದ ಅಜ್ಜ.

"ಕೆಲವು ಕ್ರಿಯೆಗಳು ನಿಧಾನ. ಕಬ್ಬಿಣ ತುಕ್ಕು ಹಿಡಿಯಲು ತಿಂಗಳುಗಟ್ಟಲೆ ಬೇಕು," ಎಂದೆ.

"ಅಷ್ಟೊತ್ತು ಕೂರಕ್ಕಾಗಲ್ಲ ಕಣಪ್ಪ, ಹಾಲು ಕರೀಬೇಕು."

ಜನ ಎದ್ದರು. ಆ ನಾಲ್ಕು ಮನೆಯವರೂ ಎದ್ದರು. ಚೈತ್ರಾ ಮಾತ್ರ ಉಳಿದು, ನಲ್ಲಿಯ ಬಳಿ ನನ್ನ ಸಾಮಾನು ತೊಳೆದುಕೊಟ್ಟಳು.

"ಸಾರ್, ಬಾಟ್ಲಿ ತಳದಲ್ಲಿ ಬೂದಿ ಥರ ಇತ್ತು. ಏನದು?"

ಮಕ್ಕಳ ಎದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ. ವಿಭೂತಿಯ ವಿಷಯ ಹೇಳಿದೆ. ಅವಳು ಖಾಲಿ ಬಾಟಲಿಯನ್ನು ತಿರುಗಿಸಿ ನೋಡಿದಳು.

"ಹಂಗಾದ್ರೆ ಅದೇ ವೇಗವರ್ಧಕ ಆಗಿರ್ಬೇಕು ಸಾರ್. ಬಿಸಿಲೂ ಸೇರ್ತು. ಇಲ್ಲಿಗ್ ಬರೋಷ್ಟ್ರಲ್ಲಿ ಪೆರಾಕ್ಸೈಡೆಲ್ಲಾ ಒಡ್ದು ಬರೀ ನೀರಾಗೋಗಿದೆ. ಪ್ರಯೋಗ ಕೆಟ್ಟಿಲ್ಲ ಸಾರ್, ಪೆಟ್ಟಿಗೇಲೇ ಮುಗ್ದೋಗಿದೆ."

ನನಗೆ ಅಳು ಬಂತು. ಇಷ್ಟು ಚೆನ್ನಾಗಿ ಇದನ್ನು ಅರ್ಥ ಮಾಡಿಕೊಂಡವರು ಇನ್ನೊಬ್ಬರಿರಲಿಲ್ಲ. ಅವಳಿನ್ನೂ ಒಂದು ದಿನವೂ ನನ್ನ ತರಗತಿಯಲ್ಲಿ ಕೂತಿರಲಿಲ್ಲ.

ಕೂರಲೂ ಇಲ್ಲ. ಆರು ಆರಾಗಿಯೇ ಉಳಿದು ವಿಭಾಗ ಮುಚ್ಚಿತು. ಸದ್ಯ ಈ ವರ್ಷ ಮುಗಿಯುವವರೆಗೆ ನನ್ನನ್ನು ಗ್ರಂಥಾಲಯದಲ್ಲಿ ಕೂರಿಸಿದ್ದಾರೆ. ಮೊನ್ನೆ ಚೈತ್ರಾ ಬಂದು ರಸಾಯನಶಾಸ್ತ್ರದ ಪುಸ್ತಕ ಕೇಳಿದಳು. ಖುಷಿಯಿಂದ ಎದ್ದು, "ಕೂತ್ಕೋಮ್ಮ, ಮೊದಲನೇ ಪಾಠ ನಾನೇ ಹೇಳಿಕೊಡ್ತೀನಿ," ಎಂದೆ.

"ಬೇಡ ಸಾರ್, ಇತಿಹಾಸದ ಕ್ಲಾಸಿದೆ. ನಾನೇ ಓದ್ಕೊತೀನಿ," ಎಂದಳು.

ಪುಸ್ತಕ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೆ. ಈಗ ನನ್ನ ಕೆಲಸ ಅಷ್ಟೇ.