ತಾಲಿಬಾನಿನ ವಂಶವೃಕ್ಷ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಸೀಮೆಗೆಂದೇ ಸ್ಥಾಪಿತವಾದ ತೆಂಗುನಾಡು ಉಗ್ರವಾದ ತಡೆ ಮತ್ತು ಜಾಗೃತಿ ಮಂಡಳಿಯ ವ್ಯಾಪ್ತಿಯಲ್ಲಿ ಇದುವರೆಗೆ ಒಬ್ಬ ಉಗ್ರನೂ ಸಿಕ್ಕಿಲ್ಲ. ಇದು ಮಂಡಳಿಯ ಸಾಧನೆ ಎಂದು ಅದರ ವಾರ್ಷಿಕ ವರದಿ ಹೇಳುತ್ತದೆ. ಮಂಡಳಿ ಹುಟ್ಟುವ ಮೊದಲೂ ಯಾರೂ ಸಿಕ್ಕಿರಲಿಲ್ಲ. ಅದನ್ನು ವರದಿ ‘ಪೂರ್ವಸಿದ್ಧತೆ’ ಎಂಬ ತಲೆಬರಹದಡಿ ತೋರಿಸಿದೆ.

ಮಂಡಳಿಯ ಅಧ್ಯಕ್ಷರು ಕಾಡಸಿದ್ದಪ್ಪನವರು. ಕೊಬ್ಬರಿ ವ್ಯಾಪಾರದಲ್ಲಿ ಪಳಗಿದ ಕೈ. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೊಬ್ಬರಿ ಎಂಥದೆಂದು ಹೇಳಿಬಿಡುತ್ತಿದ್ದರು. ಹೀಗಾಗಿ ಒಡೆದು ನೋಡುವ ಅಭ್ಯಾಸ ಅವರಿಗೆ ಯಾವ ವಿಷಯದಲ್ಲೂ ಬೆಳೆಯಲಿಲ್ಲ.

ಅಮ್ಮಸಂದ್ರದಲ್ಲಿ ನಡೆದ ಜಾಗೃತಿ ಸಮಾವೇಶದಲ್ಲಿ ಟಿವಿಯವನೊಬ್ಬ ಮೈಕು ಚಾಚಿ, ತಾಲಿಬಾನ್, ಅಲ್ ಖೈದಾ, ಐಸಿಸ್, ಹಿಜ್ಬುಲ್ಲಾ ಇವುಗಳಿಗೆ ವ್ಯತ್ಯಾಸವೇನೆಂದು ಕೇಳಿದ. ಅಧ್ಯಕ್ಷರು ತಡವರಿಸಲಿಲ್ಲ. “ಎಲ್ಲ ಒಬ್ಬ ತಾಯಿ ಮಕ್ಳು ಕಣಪ್ಪ. ತಾಲಿಬಾನು ಹಿರಿಯವ್ನು. ಹಿಜ್ಬುಲ್ಲಾ ಕೊನೆಯವ್ನು” ಎಂದರು. ಮರುದಿನವೇ ವಿರೋಧ ಪಕ್ಷದ ಮುಖಂಡ ನಂಜುಂಡಪ್ಪನವರು ಪತ್ರಿಕಾಗೋಷ್ಠಿ ಕರೆದು, ಇಂಥ ಅಜ್ಞಾನಿಯ ಕೈಯಲ್ಲಿ ನಾಡಿನ ಭದ್ರತೆ ಇರುವುದು ದುರಂತವೆಂದೂ, ಹಿರಿಯ ಮಗ ಹಿಜ್ಬುಲ್ಲಾ ಎಂಬುದು ಸಣ್ಣ ಮಕ್ಕಳಿಗೂ ಗೊತ್ತೆಂದೂ ಕಿಡಿಕಾರಿದರು. ತಾಕತ್ತಿದ್ದರೆ ದಾಖಲೆ ಬಿಡುಗಡೆ ಮಾಡಲಿ ಎಂದು ಸವಾಲೂ ಹಾಕಿದರು.

ದಾಖಲೆ ಹುಡುಕಲು ಅಧ್ಯಕ್ಷರು ಕರೆಸಿಕೊಂಡದ್ದು ಸುಷ್ಮಿತಾಳನ್ನು. ಆಕೆ ಕಲ್ಲುಗುಡ್ಡೆ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ. ಪ್ರತಿ ವರ್ಷ ಅವಳನ್ನು ಕಾಲೇಜಿನಿಂದ ಬಿಡಿಸಿ, ಕಾಲೇಜು ಸಮಿತಿ ಒಪ್ಪಿದರೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಆ ಸಮಿತಿಗೂ ಕಾಡಸಿದ್ದಪ್ಪನವರೇ ಅಧ್ಯಕ್ಷರು. ತಾಯಿ ಭೈರಮ್ಮನ ಔಷಧಿಯಿಂದ ಹಿಡಿದು ಒಲೆಯ ಗ್ಯಾಸಿನವರೆಗೆ ಅವಳ ಮನೆ ನಡೆಯುತ್ತಿದ್ದುದು ಆ ಸಂಬಳದಲ್ಲಿ. ಈ ವರ್ಷದ ಆದೇಶಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

ಆದರೂ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಸರ್, ಹಿಜ್ಬುಲ್ಲಾ ಲೆಬನಾನಿನದು. ಶಿಯಾಗಳ ಸಂಘಟನೆ, ಇರಾನ್ ಬೆಂಬಲ ಇದೆ. ತಾಲಿಬಾನ್ ಆಫ್ಘಾನಿಸ್ತಾನದ್ದು, ಅವರು ಸುನ್ನಿಗಳು. ಐಸಿಸ್ ಮೊದಲು ಅಲ್ ಖೈದಾದ ಇರಾಕ್ ಶಾಖೆ ಆಗಿತ್ತು, ಆಮೇಲೆ ಬೇರೆಯಾಯ್ತು. ಈಗ ತಾಲಿಬಾನಿಗೂ ಐಸಿಸ್‌ಗೂ ಹೊಡೆದಾಟ.”

ಅಧ್ಯಕ್ಷರ ಮುಖ ಅರಳಿತು. “ಅಲ್ಲಿಗೆ ಪಾಲಾಗಿದೆ ಅನ್ನಿ.”

“ಪಾಲಲ್ಲ ಸರ್. ಅವರು ಒಬ್ಬರಿಗೊಬ್ಬರು ಶತ್ರುಗಳು.”

“ಮೇಡಮ್ಮೋರೆ, ನೀವು ಪುಸ್ತಕ ಓದಿದೀರ, ನಾನು ಊರು ನೋಡಿದೀನಿ. ಹೊರಗ್ನೋರ ಜೊತೆ ಯಾರಾದ್ರೂ ಅಷ್ಟು ಹೊಡೆದಾಡ್ತಾರಾ? ತೋಟದ ಬದೀಗೆ ಮಚ್ಚು ಹಿಡ್ಕಂಡು ನಿಂತಿರೋರೆಲ್ಲ ಅಣ್ಣತಮ್ಮಂದಿರೇ ಕಣ್ರೀ. ಶತ್ರುಗಳು ಅಂತ ನೀವೇ ಒಪ್ಕಂಡ್ರಿ. ಇನ್ನೇನು ಬೇಕು ದಾಖಲೆ?”

ವಾದ ಎಷ್ಟು ತಪ್ಪಾಗಿತ್ತೆಂದರೆ, ಎಲ್ಲಿಂದ ತಿದ್ದಬೇಕೆಂದು ಸುಷ್ಮಿತಾಗೆ ತೋಚಲಿಲ್ಲ.

ಅಣ್ಣತಮ್ಮಂದಿರೆಂದು ತೀರ್ಮಾನವಾದ ಮೇಲೆ ಮುಂದಿನ ದಾರಿ ಸಲೀಸು. ನಾಡಕಚೇರಿಗೆ ಅರ್ಜಿ ಕೊಟ್ಟು ವಂಶವೃಕ್ಷ ಪಡೆಯುವುದು. ಕಲ್ಲುಗುಡ್ಡೆ ನಾಡಕಚೇರಿಯ ಅಧಿಕಾರಿ ಹನುಮಂತರಾಜು ಕಟ್ಟುನಿಟ್ಟಿನ ಮನುಷ್ಯ. ಅರ್ಜಿಯಲ್ಲಿ ಹೆಸರಿಸಿದ ನಾಲ್ವರಿಗೂ ಆಧಾರ್ ಇಲ್ಲವೆಂದು ಮೊದಲು ಆಕ್ಷೇಪಿಸಿದರು. ಕಂಪ್ಯೂಟರಿನಲ್ಲಿ ಆಫ್ಘಾನಿಸ್ತಾನ ಎಂಬ ಗ್ರಾಮ ಇಲ್ಲದ ಕಾರಣ ವಿಳಾಸದ ಜಾಗದಲ್ಲಿ ‘ಕಲ್ಲುಗುಡ್ಡೆ ಕಸಬಾ’ ಎಂದು ನಮೂದಿಸಿದರು. ಸ್ಥಳ ಮಹಜರಿನಲ್ಲಿ ಗ್ರಾಮಸ್ಥ ಗಂಗಯ್ಯನವರು, “ಟಿವೀಲಿ ನೋಡಿವ್ನಿ ಸ್ವಾಮಿ, ಎಲ್ಲಾರ ಗಡ್ಡವೂ ಒಂದೇ ತರ ಅದೆ” ಎಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದರು. ಬಳಿಕ ನೋಟಿಸ್ ಬೋರ್ಡಿನಲ್ಲಿ ಹೀಗೊಂದು ಪ್ರಕಟಣೆ ಬಿತ್ತು:

‘ಶ್ರೀ ತಾಲಿಬಾನ್, ಶ್ರೀ ಅಲ್ ಖೈದಾ, ಶ್ರೀ ಐಸಿಸ್ ಮತ್ತು ಶ್ರೀ ಹಿಜ್ಬುಲ್ಲಾ ಇವರುಗಳು ಒಂದೇ ವಂಶಸ್ಥರೆಂದು ದೃಢೀಕರಿಸುವ ಬಗ್ಗೆ ಯಾರದಾದರೂ ತಂಟೆ ತಕರಾರು ಇದ್ದಲ್ಲಿ ಸೂಕ್ತ ದಾಖಲೆಗಳೊಂದಿಗೆ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಕರಾರು ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.’

ಸುಷ್ಮಿತಾ ತಕರಾರು ಬರೆದುಕೊಂಡೇ ಹೋದಳು. ಹೆದರಿಕೆ ಇತ್ತು, ಆದರೆ ಸುಮ್ಮನಿದ್ದರೆ ತರಗತಿಯಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲುವುದು ಎಂಬ ಸಂಕಟ ಅದಕ್ಕಿಂತ ದೊಡ್ಡದಿತ್ತು. ಹನುಮಂತರಾಜು ಅವಳನ್ನು ಕೂರಿಸಿ, ಅರ್ಜಿಯನ್ನು ಎರಡು ಸಲ ಗಮನವಿಟ್ಟು ಓದಿದರು.

“ಚೆನ್ನಾಗಿ ಬರ್ದಿದೀರಿ ಮೇಡಂ. ನೀವು ಈ ಮನೆತನಕ್ಕೆ ಏನಾಗಬೇಕು?”

“ಏನೂ ಆಗಬೇಕಿಲ್ಲ. ನಾನು ಪಾಠ ಮಾಡೋಳು.”

“ಸಂಬಂಧ ಇಲ್ದೋರು ತಕರಾರು ಹಾಕಂಗಿಲ್ವಲ್ಲ. ವಾರಸುದಾರರು ಹಾಕಬಹುದು, ಪಾಲುದಾರರು ಹಾಕಬಹುದು. ಯಾವ್ದಾದ್ರೂ ಒಂದಕ್ಕೆ ಟಿಕ್ ಹಾಕಿ, ಈಗ್ಲೇ ಸ್ವೀಕೃತಿ ಕೊಡ್ತೀನಿ.”

“ಟಿಕ್ ಹಾಕಿದ್ರೆ?”

“ಒಂದು ಪ್ರತಿ ಪೊಲೀಸ್ನೋರಿಗೆ ಹೋಗುತ್ತೆ. ಉಗ್ರರ ಮನೆಯೋರು ಇಲ್ಲೇ ಸಿಕ್ಕಿದಾರೆ ಅಂದ್ರೆ ಅವ್ರು ಬುಡ್ತಾರಾ?” ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ನಿಜವಾದ ಕಾಳಜಿಯೇ ಇತ್ತು. “ನಿಮ್ಮಮ್ಮನಿಗೂ ಹುಷಾರಿಲ್ಲ ಅಂತಾರೆ. ಯಾಕೆ ಬೇಕು ಮೇಡಂ?”

ಅವಳು ಪೆನ್ನಿನ ಮುಚ್ಚಳ ಹಾಕಿ ಎದ್ದುಬಂದಳು. ದಾರಿಯುದ್ದಕ್ಕೂ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಮನೆಗೆ ಬಂದವಳು ಊಟ ಬೇಡವೆಂದಳು.

ಯಾವುದೇ ತಕರಾರು ಬಾರದ ಕಾರಣ ವಂಶವೃಕ್ಷ ದೃಢೀಕೃತವಾಯಿತು. ಹಿರಿತನದ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳೂ ಪಟ್ಟು ಬಿಡದಿದ್ದಾಗ ಹನುಮಂತರಾಜು ರಾಜಿ ಸೂತ್ರ ಹುಡುಕಿ, ತಾಲಿಬಾನ್ ಮತ್ತು ಹಿಜ್ಬುಲ್ಲಾ ಅವಳಿ ಮಕ್ಕಳೆಂದು ದಾಖಲಿಸಿದರು. ಕಾಡಸಿದ್ದಪ್ಪನವರೂ ನಂಜುಂಡಪ್ಪನವರೂ ಪ್ರಮಾಣಪತ್ರದ ಒಂದೊಂದು ತುದಿ ಹಿಡಿದು ಫೋಟೋ ತೆಗೆಸಿಕೊಂಡರು. ಪಕ್ಷಭೇದ ಮರೆತ ಈ ನಡೆಯನ್ನು ಪತ್ರಿಕೆಗಳು ಕೊಂಡಾಡಿದವು. ಕಲ್ಲುಗುಡ್ಡೆಯ ಖಾಯಂ ನಿವಾಸಿಗಳಾಗಿ ನಾಲ್ವರು ಉಗ್ರರು ದಾಖಲೆಯಲ್ಲಿ ಸಿಕ್ಕಿದ್ದರಿಂದ ಮಂಡಳಿಯ ಅನುದಾನ ದುಪ್ಪಟ್ಟಾಯಿತು. ಸುಷ್ಮಿತಾಳ ಆದೇಶಕ್ಕೂ ಸಹಿ ಬಿತ್ತು.

ಹೆಚ್ಚುವರಿ ಅನುದಾನದಲ್ಲಿ ಮಂಡಳಿ ಕಾಲೇಜುಗಳಲ್ಲಿ ಜಾಗೃತಿ ಪರೀಕ್ಷೆ ನಡೆಸಿತು. ಪ್ರಶ್ನೆ ಮಂಡಳಿಯದು, ಮಾದರಿ ಉತ್ತರವೂ ಮಂಡಳಿಯದು. ಮೌಲ್ಯಮಾಪನ ಸುಷ್ಮಿತಾಳದು. ‘ತಾಲಿಬಾನ್ ಮತ್ತು ಹಿಜ್ಬುಲ್ಲಾ ನಡುವಿನ ಸಂಬಂಧವನ್ನು ತಿಳಿಸಿ’ ಎಂಬುದಕ್ಕೆ ಎಲ್ಲರೂ ‘ಅವಳಿ ಸಹೋದರರು’ ಎಂದೇ ಬರೆದಿದ್ದರು. ಭಾನುಪ್ರಿಯಾ ಎಂಬ ಹುಡುಗಿಯೊಬ್ಬಳು ಮಾತ್ರ ಲೆಬನಾನ್, ಆಫ್ಘಾನಿಸ್ತಾನ, ಶಿಯಾ, ಸುನ್ನಿ ಎಂದು ಒಂದು ಪುಟ ತುಂಬ ಬರೆದಿದ್ದಳು. ಸುಷ್ಮಿತಾಳೇ ಹಿಂದೆ ಪಾಠ ಮಾಡಿದ್ದು. ಅವಳ ವಾಕ್ಯಗಳೇ.

ಓದುತ್ತ ಅವಳ ಕಣ್ಣು ತುಂಬಿತು. ಸೊನ್ನೆ ಹಾಕಿದಳು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ದಾಖಲೆ ಲಗತ್ತಿಸಿಲ್ಲ’ ಎಂದು ಷರಾ ಬರೆದಳು.

ಫಲಿತಾಂಶ ಬಂದ ದಿನ ಭಾನುಪ್ರಿಯಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಅವಳನ್ನು ಕಂಡು ಸುಷ್ಮಿತಾ ತಲೆ ಬಗ್ಗಿಸಿದಳು.

“ಬೇಜಾರು ಮಾಡ್ಕೋಬೇಡಿ ಮೇಡಂ,” ಎಂದಳು ಹುಡುಗಿ. “ತಪ್ಪು ನಂದೇ. ಸರಿ ಉತ್ತರ ನಾಡಕಚೇರೀಲಿ ಸಿಗುತ್ತೆ ಅಂತ ಗೊತ್ತಿರ್ಲಿಲ್ಲ.”