ಆನ್‌ಲೈನ್ ತರಗತಿಯ ಗರ್ಬಾ

ನನ್ನ ಮಾತನ್ನು ಯಾರಾದರೂ ಕೇಳುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ನನ್ನನ್ನು ಹಿಡಿಯುವವರಿಲ್ಲ. ಮನೆಯಲ್ಲಿ ಆ ಸುಖ ಅಪರೂಪ. ಅದಕ್ಕೇ ಪಾಠ ಹೇಳುವ ಕೆಲಸ ಹಿಡಿದೆನೋ ಏನೋ. ಬ್ಯಾಂಕಿನವರು ನನ್ನ ಗಂಡನನ್ನು ವಡೋದರಕ್ಕೆ ವರ್ಗ ಮಾಡಿದಾಗ ನಾನೂ ಧಾರವಾಡ ಬಿಟ್ಟು ಬಂದು ಇಲ್ಲಿಯ ಎಂಜಿನಿಯರಿಂಗ್ ಕಾಲೇಜೊಂದನ್ನು ಸೇರಿದೆ. ಆ ವರ್ಷ ನಮ್ಮಲ್ಲಿ ಆನ್‌ಲೈನ್ ತರಗತಿ ಶುರುವಾಯಿತು. ಪಾಠ, ಪರೀಕ್ಷೆ, ಚರ್ಚೆ ಎಲ್ಲ ಕಂಪ್ಯೂಟರಿನಲ್ಲೇ. ಕಾಡಿ ಬೇಡಿ ಅದರ ಉಸ್ತುವಾರಿಯನ್ನೂ ಸರ್ವರ್ ಇಡಲು ಒಂದು ರೂಮನ್ನೂ ಪಡೆದೆ. ಪಾಸ್‌ವರ್ಡ್ ಮರೆತ ಹಿರಿಯ ಪ್ರೊಫೆಸರುಗಳು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುವುದನ್ನು ಕಂಡು ನನಗೆ ಕೋಡು ಮೂಡಿತ್ತು. ವಿದ್ಯಾರ್ಥಿಗಳು ಮಾತ್ರ ಅತ್ತ ತಲೆ ಹಾಕಲಿಲ್ಲ. “ದೀಪಾವಳಿವರೆಗೆ ನೋಡೋಣ ಬೇನ್, ಆಮೇಲೆ ಆ ಸರ್ವರ್ ರೂಮು ಲ್ಯಾಬಿಗೆ ಬೇಕು” ಎಂದುಬಿಟ್ಟರು, ಹೆಂಗಸರನ್ನೆಲ್ಲ ‘ಬೇನ್’, ಅಂದರೆ ಅಕ್ಕ, ಎಂದೇ ಕರೆಯುವ ಪ್ರಿನ್ಸಿಪಾಲ್ ಪಟೇಲ್ ಸಾಹೇಬರು.

ನವರಾತ್ರಿ ಹತ್ತಿರ ಬಂದಂತೆ ಪವಾಡವೇ ನಡೆಯಿತು. ತಿರುಗಿಸುವ ಬಲದ, ಅಂದರೆ ಟಾರ್ಕ್‌ನ, ಬಗ್ಗೆ ನಾನು ಹಾಕಿದ್ದ ಪಾಠದ ಚರ್ಚಾಪುಟದಲ್ಲಿ ಸಂದೇಶಗಳ ಸುರಿಮಳೆ! ಸರ್ವರ್ ಏದುಸಿರು ಬಿಡತೊಡಗಿತು. ಒಂದನ್ನೂ ತೆರೆದು ಓದದೆ ಗಂಡನಿಗೆ ಫೋನ್ ಹಚ್ಚಿದೆ.

“ರೀ, ಹುಡುಗ್ರು ಓದಾಕ ಹತ್ಯಾರ್ರಿ!”

“ನವರಾತ್ರಿ ಮುಂದ? ವಡೋದರಾದಾಗ? ಒಮ್ಮೆ ತಗದರ ನೋಡೀಯೇನ?”

ಅಸೂಯೆ, ಇನ್ನೇನು! ಫೋನಿಟ್ಟವಳೇ ಪ್ರಿನ್ಸಿಪಾಲರನ್ನು ಎಳೆದುಕೊಂಡು ಬಂದೆ. ಸ್ಟಾಫೆಲ್ಲ ಹಿಂದೆ ನಿಂತಿತು. ಎದೆಯುಬ್ಬಿಸಿ ಮೊದಲ ಸಂದೇಶ ತೆರೆದೆ: “ಗರ್ಬಾದಲ್ಲಿ ತಿರುಗುವಾಗ ಯಾವ ಕಾಲು ಮುಂದೆ?” ಎರಡನೆಯದು: “ಎಡಗಾಲು.” ಮೂರನೆಯದರಲ್ಲಿ ಚಪ್ಪಾಳೆಯ ಲೆಕ್ಕ. ನಾಲ್ಕನೆಯದರಲ್ಲಿ ಯಾರಿಗೋ ಗರ್ಬಾ ಮೈದಾನದ ಪಾಸು ಬೇಕಿತ್ತು. ಹಿಂದೆ ಯಾರೋ ಕೆಮ್ಮಿದರು. ನನ್ನ ರೂಮು ಹೋಯಿತು ಎಂದುಕೊಂಡೆ.

ಪಟೇಲ್ ಸಾಹೇಬರು ಕನ್ನಡಕ ಸರಿಪಡಿಸಿಕೊಂಡರು. “ಅರೇ, ಇದು ಪೂರಾ ತಪ್ಪು!”

“ಸಾರಿ ಸರ್, ಈಗಲೇ ಅಳಿಸ್ತೀನಿ.”

“ಎಡಗಾಲಂತೆ! ಯಾವ ಊರಿನವನು ಇವನು? ಸ್ವಲ್ಪ ಸರೀರಿ ಬೇನ್.” ನನ್ನ ಕುರ್ಚಿಯಲ್ಲಿ ಕೂತು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ, ಬಲಗಾಲಿನ ಪರವಾಗಿ ಒಂದು ಪುಟದಷ್ಟು ಉತ್ತರ ಬರೆದರು. ಎದ್ದಾಗ ಮುಖದಲ್ಲಿ ಇಪ್ಪತ್ತರ ಕಳೆ. “ಗರ್ಬಾಕ್ಕೆ ಬೇರೆ ಪುಟ ಮಾಡಿಕೊಡಿ. ರೂಮು ನಿಮ್ಮ ಹತ್ತಿರವೇ ಇರಲಿ.”

ಪ್ರಿನ್ಸಿಪಾಲರೇ ಉತ್ತರ ಕೊಡುತ್ತಾರೆಂಬ ಸುದ್ದಿ ಹಬ್ಬಿ, ಬಂದ ಹುಡುಗರಲ್ಲಿ ಕೆಲವರು ದಾರಿ ತಪ್ಪಿ ನನ್ನ ಪಾಠವನ್ನೂ ಓದಿದರು. ಆ ಉತ್ಸಾಹದಲ್ಲಿ ನಾನೂ ಗರ್ಬಾ ಪುಟದಲ್ಲಿ ಒಂದು ಸಂದೇಹ ಹಾಕಿದೆ: ತಿರುಗಿದ ಮೇಲೆ ನಿಲ್ಲುವುದು ಹೇಗೆ? ಕೊನೆಯ ಬೆಂಚಿನ ಹುಡುಗಿಯೊಬ್ಬಳು ತಕ್ಷಣ ಉತ್ತರಿಸಿದಳು: “ಮೇಡಂ, ಇದೆಲ್ಲ ಕಂಪ್ಯೂಟರಿನಲ್ಲಿ ಕಲಿಯೋಕಾಗಲ್ಲ. ಸಂಜೆ ನಮ್ಮ ಗರ್ಬಾ ಕ್ಲಾಸಿಗೆ ಬನ್ನಿ.”

ಹೋದೆ. ಹಿಂದಿನ ಸಾಲಿನಲ್ಲಿ ನಿಲ್ಲಿಸಿದಳು.